ಝೀರೋ ಟ್ರಾಫಿಕ್‌ಗಿಂತ ಮುಂಚಿನ ಹತ್ತು ನಿಮಿಷ

ಇಯರ್‌ಫೋನ್ ಹಾಕಿ ಕೇಳಿದವರಿಗೂ, ಬಸ್ಸಿನಲ್ಲಿ ನೆಟ್‌ವರ್ಕ್ ಸಿಗದೆ ಈಗ ಓದ್ತಾ ಇರುವವರಿಗೂ ಎಪಿಸೋಡ್ ಒಂದೇ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಬರೆದಿದ್ದೇನೆ. ಮೊದಲೇ ಒಂದು ಮಾತು: ನಾನು ಓದಿದ್ದು ಬಿ.ಕಾಂ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಒಂದು ಸಂಜೆ ರಸ್ತೆ ಬದಿಯಲ್ಲಿ ಎಂತ ಮಾಡ್ಬೇಕು ಅಂತ ಗೊತ್ತಾಗದೆ ನಿಂತವನು. ಆಮೇಲೆ ಕೂತು ಓದಿ, ಗೊತ್ತಿದ್ದವರನ್ನು ಕೇಳಿ ತಿಳಿದುಕೊಂಡದ್ದನ್ನು ಹೇಳ್ತಾ ಇದ್ದೇನೆ, ಅಷ್ಟೇ.

ಪುಂಜಾಲಕಟ್ಟೆ ದಾಟಿ ಗುರುವಾಯನಕೆರೆ ಕಡೆ ಹೋಗ್ತಾ ಇದ್ದೆ. ಜೂನ್ ತಿಂಗಳು, ಜೋರು ಮಳೆ ಬಂದು ಆಗಷ್ಟೇ ನಿಂತಿತ್ತು. ಒಂದು ತಿರುವಿನಲ್ಲಿ ಎಂಟ್ಹತ್ತು ಜನ ಗುಂಪು ಕಟ್ಟಿದ್ದರು. ಬೈಕ್ ಜಾರಿ ಎದುರಿನಿಂದ ಬರುತ್ತಿದ್ದ ಪಿಕಪ್‌ಗೆ ಹೊಡೆದಿತ್ತು. ಸವಾರನಿಗೆ ಹೆಚ್ಚುಕಮ್ಮಿ ನನ್ನದೇ ವಯಸ್ಸು. ಚೆನ್ನಾಗಿಯೇ ಮಾತಾಡ್ತಾ ಇದ್ದ. ಮನೆಗೆ ಫೋನ್ ಮಾಡ್ಬೇಡಿ, ಅಮ್ಮ ಹೆದರ್ತಾರೆ ಅಂದ. ತೊಡೆಯ ಹತ್ತಿರ ಪ್ಯಾಂಟ್ ಹರಿದಿತ್ತು, ಅವನ ಕೆಳಗಿನ ನೀರು ಕೆಂಪಾಗಿತ್ತು. ಮಳೆನೀರಿನ ಜೊತೆ ಸೇರಿದ್ದರಿಂದ ಎಷ್ಟು ರಕ್ತ ಹೋಗಿದೆ ಅಂತ ಯಾರಿಗೂ ಅಂದಾಜಿಲ್ಲ. ಒಬ್ಬರು ನೀರು ಕುಡಿಸಿದರು. ಒಬ್ಬರು ಹೆಲ್ಮೆಟ್ ಎಳೆದು ತೆಗೆದರು. ಒಬ್ಬ ಅಣ್ಣ 108ಕ್ಕೆ ಫೋನ್ ಮಾಡಿ "ಪೆಟ್ರೋಲ್ ಬಂಕಿಂದ ಸ್ವಲ್ಪ ಮುಂದೆ, ಸ್ವಲ್ಪ ಮುಂದೆ" ಅಂತ ಬೊಬ್ಬೆ ಹೊಡೀತಿದ್ದರು. ನಾನು? ಗಾಡಿಗಳಿಗೆ ಕೈ ಬೀಸ್ತಾ ನಿಂತಿದ್ದೆ. ಕೊನೆಗೆ ಒಂದು ಓಮ್ನಿ ಸಿಕ್ಕಿತು. ಹಿಂದಿನ ಸೀಟಿಗೆ ಅವನನ್ನು ಮಡಚಿ ಹಾಕಿ ಕಳಿಸಿದೆವು. ಹೊರಡುವ ಹೊತ್ತಿಗೆ ಅವನ ಮಾತು ನಿಂತಿತ್ತು.

ಬದುಕಿದ. ತುಂಬ ದಿನ ಐಸಿಯುವಿನಲ್ಲಿದ್ದ ಅಂತ ಆಮೇಲೆ ಗೊತ್ತಾಯಿತು. ಆಂಬ್ಯುಲೆನ್ಸಿನಲ್ಲಿ ಕೆಲಸ ಮಾಡುವ ನನ್ನ ಪರಿಚಯದವರೊಬ್ಬರಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಗಾಯವನ್ನು ಒತ್ತಿ ಹಿಡಿದದ್ದು ಯಾರು?

ಯಾರೂ ಇಲ್ಲ. ಹತ್ತು ಜನ, ಇಪ್ಪತ್ತು ಕೈ, ಒಂದು ಕೈಯೂ ಗಾಯದ ಮೇಲೆ ಇರಲಿಲ್ಲ.

ನಮ್ಮ ದಕ್ಷಿಣ ಕನ್ನಡದಲ್ಲಿ ಆಂಬ್ಯುಲೆನ್ಸ್ ಅಂದ್ರೆ ಮೊದಲು ನೆನಪಾಗುವುದು ಝೀರೋ ಟ್ರಾಫಿಕ್. 2020ರ ಫೆಬ್ರವರಿಯಲ್ಲಿ 40 ದಿನದ ಹಸುಗೂಸನ್ನು ಹೃದಯದ ಆಪರೇಷನ್‌ಗೆಂದು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸಿದ ಸುದ್ದಿ ನೆನಪುಂಟಲ್ಲ? ಊರೂರಿನ ಹುಡುಗರು ರಸ್ತೆಗಿಳಿದು ದಾರಿ ಬಿಡಿಸಿದ್ದರು. ಆ ವಿಡಿಯೋವನ್ನು ನಾನೂ ಸ್ಟೇಟಸ್ ಹಾಕಿದ್ದೆ. ಅದರಲ್ಲಿ ತಪ್ಪೇನಿಲ್ಲ. ಆ ಮಗುವಿಗೆ ಬೇಕಾದ ಚಿಕಿತ್ಸೆ ಇದ್ದದ್ದು ಅಲ್ಲಿ, ಹಾಗಾಗಿ ವೇಗ ಬೇಕಿತ್ತು. ತಪ್ಪಿರುವುದು ನಾವು ಅದರಿಂದ ಕಲಿತ ಪಾಠದಲ್ಲಿ. ಎಮರ್ಜೆನ್ಸಿ ಅಂದ್ರೆ ವೇಗ, ಚಿಕಿತ್ಸೆ ಶುರುವಾಗುವುದು ಆಸ್ಪತ್ರೆಯ ಗೇಟಿನ ಒಳಗೆ, ಅಲ್ಲಿವರೆಗೆ ನಮ್ಮ ಕೆಲಸ ದಾರಿ ಬಿಡುವುದು ಅಂತ ತಲೆಯಲ್ಲಿ ಕೂತುಬಿಟ್ಟಿದೆ.

ಒಂದು ಸಣ್ಣ ಲೆಕ್ಕ ಹಾಕಿ. ಬಿ.ಸಿ. ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್. ಮೂಡುಬಿದಿರೆಯಿಂದ ಸುಮಾರು 35. ಬೆಳ್ತಂಗಡಿಯಿಂದ 60ರ ಹತ್ತಿರ. ಚಾರ್ಮಾಡಿಯ ಬುಡದಿಂದ ಇನ್ನೂ ದೂರ, ಘಾಟಿ ಇಳಿದು ಬರುವ ಕೊಟ್ಟಿಗೆಹಾರ, ಮೂಡಿಗೆರೆಯವರಿಗೆ ಕೇಳುವುದೇ ಬೇಡ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಆ ದಾರಿಯೇ ಮುಚ್ಚಿಹೋಗಿತ್ತು. ತೊಡೆಯ ದೊಡ್ಡ ರಕ್ತನಾಳ ಪೂರ್ತಿ ಕತ್ತರಿಸಿದರೆ ಮನುಷ್ಯ ಮೂರರಿಂದ ಐದು ನಿಮಿಷದಲ್ಲಿ ಸಾಯಬಹುದು. ರಸ್ತೆಯಲ್ಲಿ ಒಂದು ನಾಯಿಯೂ ಅಡ್ಡ ಬರದಿದ್ದರೂ ಐದು ನಿಮಿಷದಲ್ಲಿ ಬೆಳ್ತಂಗಡಿಯಿಂದ ಮಂಗಳೂರು ಮುಟ್ಟುವ ಗಾಡಿ ಇಲ್ಲ ಮಾರ್ರೆ.

ಈ ಲೆಕ್ಕವನ್ನು ಕೂತು, ಒಂದೊಂದೇ ಹೆಣದ ವರದಿ ಬಿಚ್ಚಿ ಮಾಡಿದವರು ಸೈನ್ಯದ ಡಾಕ್ಟರುಗಳು. 2001ರಿಂದ 2011ರವರೆಗೆ ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ಅವರು ಪರಿಶೀಲಿಸಿದರು. ನೂರರಲ್ಲಿ 87 ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದರು. ಹಾಗೆ ಮೊದಲೇ ಸತ್ತವರಲ್ಲಿ ಸುಮಾರು ಕಾಲು ಭಾಗ ಜನ ಬದುಕಬಹುದಾಗಿತ್ತು. ಆ ಕಾಲು ಭಾಗದವರು ಯಾವುದರಿಂದ ಸತ್ತರು? ನೂರರಲ್ಲಿ ಸುಮಾರು 90 ಮಂದಿ ಬರೀ ರಕ್ತ ಹೋಗಿ.

ಅಂದ್ರೆ ಅವರಿಗೆ ಬೇಕಾಗಿದ್ದದ್ದು ಇನ್ನೂ ಒಳ್ಳೆಯ ಸರ್ಜನ್ ಅಲ್ಲ. ಬಿದ್ದ ಜಾಗದಲ್ಲಿ, ಪಕ್ಕದಲ್ಲಿದ್ದವನ ಒಂದು ಜೊತೆ ಕೈ.

ಇದು ಗೊತ್ತಾದ ಮೇಲೆ ಸೈನ್ಯಗಳು ತಮ್ಮ ಪಾಠವನ್ನೇ ತಿರುಗಿಸಿ ಹಾಕಿದವು. ಮೊದಲೆಲ್ಲ ಉಸಿರಿನ ದಾರಿ, ಉಸಿರಾಟ, ರಕ್ತಸಂಚಾರ ಅನ್ನುವ ಕ್ರಮ ಇತ್ತು. ಈಗ ಎಲ್ಲಕ್ಕಿಂತ ಮೊದಲು ಚಿಮ್ಮುವ ರಕ್ತ ನಿಲ್ಲಿಸು, ಆಮೇಲೆ ಉಸಿರಿನ ದಾರಿ, ಆಮೇಲೆ ಎದೆ, ಆಮೇಲೆ ರಕ್ತಸಂಚಾರ, ಕೊನೆಗೆ ಮೈ ತಣ್ಣಗಾಗದಂತೆ ನೋಡು. ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿ ಇದಕ್ಕೆ 'ಮಾರ್ಚ್' ಅಂತಾರೆ. ಅಮೆರಿಕದ ರೇಂಜರ್ ರೆಜಿಮೆಂಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಡಾಕ್ಟರ್, ಮೆಡಿಕ್ ಮಾತ್ರ ಅಲ್ಲ, ಪ್ರತಿಯೊಬ್ಬ ಸೈನಿಕನಿಗೂ ಇದನ್ನು ಕಲಿಸಿತು. ಹತ್ತು ವರ್ಷದ ಯುದ್ಧದ ನಂತರ ಲೆಕ್ಕ ನೋಡಿದರೆ, ಬಿದ್ದ ಜಾಗದಲ್ಲಿ ಸರಿಯಾಗಿ ನೋಡಿಕೊಂಡಿದ್ದರೆ ಉಳೀತಿದ್ದ ಅನ್ನುವಂಥ ಸಾವು ಆ ರೆಜಿಮೆಂಟಿನಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಅವರು ಬಳಸಿದ ದೊಡ್ಡ ಆಯುಧ ಎಂತದ್ದು ಅಂದ್ರೆ, ಒಂದು ಪಟ್ಟಿ. ಟೂರ್ನಿಕೆಟ್. ಕೈ ಅಥವಾ ಕಾಲಿಗೆ ಸುತ್ತಿ, ಒಂದು ಸಣ್ಣ ಕೋಲನ್ನು ತಿರುಗಿಸಿ ಬಿಗಿ ಮಾಡಿದರೆ ಕೆಳಗೆ ಹೋಗುವ ರಕ್ತವೇ ನಿಲ್ಲುತ್ತದೆ. ಒಂದು ಕಾಲದಲ್ಲಿ ಡಾಕ್ಟರುಗಳೇ ಇದಕ್ಕೆ ಹೆದರುತ್ತಿದ್ದರು: ಕಟ್ಟಿದರೆ ಕಾಲು ಸತ್ತುಹೋಗುತ್ತೆ ಅಂತ. 2006ರಲ್ಲಿ ಬಾಗ್ದಾದಿನ ಸೈನ್ಯದ ಆಸ್ಪತ್ರೆಯಲ್ಲಿ ಲೆಕ್ಕ ಇಟ್ಟು ನೋಡಿದಾಗ ಬೇರೆಯೇ ಕಥೆ ಬಂತು. ಗಾಯಾಳು ಶಾಕ್‌ಗೆ ಹೋಗುವ ಮೊದಲೇ ಪಟ್ಟಿ ಕಟ್ಟಿದ್ದರೆ ನೂರರಲ್ಲಿ 90 ಮಂದಿ ಬದುಕಿದ್ದರು. ಶಾಕ್‌ಗೆ ಹೋದ ಮೇಲೆ ಕಟ್ಟಿದ್ದರೆ ಬದುಕಿದ್ದು 10. ಪಟ್ಟಿ ಅದೇ, ಗಾಯವೂ ಅಂಥದ್ದೇ, ಕಟ್ಟಿದ ಹೊತ್ತು ಮಾತ್ರ ಬೇರೆ.

'ಶಾಕ್' ಅನ್ನುವ ಪದದ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಶಾಕ್ ಅಂದ್ರೆ ಗಾಬರಿ ಅಂದ್ಕೊಳ್ತೇವೆ. ಡಾಕ್ಟರುಗಳ ಶಾಕ್ ಬೇರೆ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಅದು ಕಡಿಮೆಯಾಗಿ, ಮೈಯ ಅಂಗಾಂಗಗಳಿಗೆ ಬೇಕಾದಷ್ಟು ರಕ್ತ, ಆಮ್ಲಜನಕ ಮುಟ್ಟದೆ ಇರುವ ಸ್ಥಿತಿ ಅದು. ಮೋಸ ಎಲ್ಲಿ ಅಂದ್ರೆ, ಆರೋಗ್ಯವಂತ ಹುಡುಗರ ದೇಹ ಇದನ್ನು ತುಂಬ ಹೊತ್ತು ಮುಚ್ಚಿಡುತ್ತದೆ. ಹೃದಯ ಜೋರಾಗಿ ಹೊಡೆದು, ಕೈಕಾಲಿನ ರಕ್ತನಾಳ ಬಿಗಿ ಮಾಡಿ, ಇದ್ದ ರಕ್ತವನ್ನು ಮೆದುಳಿಗೆ ಕಳಿಸ್ತಾ ಇರುತ್ತದೆ. ಓವರ್‌ಡ್ರಾಫ್ಟ್‌ನಲ್ಲಿ ಓಡುವ ಅಂಗಡಿಯ ಹಾಗೆ, ಶಟರ್ ತೆರೆದೇ ಇರುತ್ತೆ, ಒಳಗೆ ಏನೂ ಇಲ್ಲ. ಸುಮಾರು ಮೂರನೇ ಒಂದು ಭಾಗ ರಕ್ತ ಹೋಗುವವರೆಗೆ ಬಿಪಿ ಕೂಡ ಬೀಳದೆ ಇರಬಹುದು. ಆಮೇಲೆ ಒಮ್ಮೆಲೇ ಕುಸಿಯುತ್ತದೆ. 'ಚೆನ್ನಾಗಿ ಮಾತಾಡ್ತಾ ಇದ್ದ, ಇದ್ದಕ್ಕಿದ್ದ ಹಾಗೆ ಹೋದ' ಅಂತ ನಾವು ಹೇಳ್ತೇವಲ್ಲ, ಅದು ಇದ್ದಕ್ಕಿದ್ದ ಹಾಗೆ ಆದದ್ದಲ್ಲ. ಮುಖ ಬಿಳುಚಿಕೊಂಡಿತ್ತು, ಮೈ ತಣ್ಣಗಾಗಿ ಬೆವರುತ್ತಿತ್ತು, ನಾಡಿ ಓಡುತ್ತಿತ್ತು, ಅದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಿದ್ದ. ನೋಡಲಿಕ್ಕೆ ನಮಗೆ ಗೊತ್ತಿರಲಿಲ್ಲ. ಆ ಹುಡುಗ ಅಮ್ಮನ ವಿಷಯವನ್ನು ಎಷ್ಟು ಸಲ ಹೇಳಿದ್ದ ಅಂತ ನನಗೆ ಈಗ ನೆನಪಾಗುತ್ತದೆ.

ಹಾಗಾದ್ರೆ ಮಾಡ್ಬೇಕಾದ್ದು ಎಂತ? ಟೂರ್ನಿಕೆಟ್ ಕೈಯಲ್ಲಿಲ್ಲ, ಇರುವುದು ಬೈರಾಸು. ಸಾಕು. ಗಾಯ ಎಲ್ಲಿದೆ ಅಂತ ಬಟ್ಟೆ ಸರಿಸಿ ನೋಡಿ, ಬೈರಾಸನ್ನೋ ಶರ್ಟನ್ನೋ ಮಡಚಿ ಗಾಯದ ಮೇಲೆ ಇಟ್ಟು ಎರಡೂ ಅಂಗೈಯಿಂದ ಮೈಭಾರ ಹಾಕಿ ಒತ್ತಿ. ಆಳವಾದ ಗಾಯವಾದರೆ ಬಟ್ಟೆಯನ್ನು ಒಳಕ್ಕೆ ತುಂಬಿಸಿ ಒತ್ತಬೇಕು, ತೊಡೆಸಂದು, ಕಂಕುಳಿನಂಥ ಪಟ್ಟಿ ಕಟ್ಟಲಿಕ್ಕೆ ಆಗದ ಜಾಗಕ್ಕೆ ಇದೊಂದೇ ದಾರಿ. ನಿಂತಿದೆಯಾ ಅಂತ ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡ್ಬೇಡಿ. ಹೆಪ್ಪುಗಟ್ಟುತ್ತಿದ್ದದ್ದು ಕಿತ್ತುಹೋಗುತ್ತದೆ. ಬಟ್ಟೆ ಒದ್ದೆಯಾದರೆ ಅದರ ಮೇಲೆ ಇನ್ನೊಂದು. ಕಾಫಿಪುಡಿ, ಅರಿಶಿನ ಯಾವುದೂ ಬೇಡ. ಒತ್ತಿದರೂ ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಲೇ ಇದ್ದರೆ ಆಗ ಪಟ್ಟಿ: ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಗಂಟಿನ ಮೇಲೆ ಅಲ್ಲ. ಪ್ಯಾಂಟಿನ ಬೆಲ್ಟ್ ಸುಮ್ಮನೆ ಎಳೆದರೆ ಸಾಕಷ್ಟು ಬಿಗಿ ಆಗುವುದಿಲ್ಲ. ಅರೆಬರೆ ಬಿಗಿ ಇನ್ನೂ ಅಪಾಯ, ಒಳಗೆ ಹೋಗುವ ರಕ್ತ ನಿಲ್ಲದೆ ವಾಪಸ್ ಬರುವ ರಕ್ತ ಮಾತ್ರ ತಡೆಯುತ್ತದೆ. ಅಗಲದ ಬಟ್ಟೆ ಕಟ್ಟಿ, ಗಟ್ಟಿ ಕೋಲು ಸಿಕ್ಕಿಸಿ ತಿರುಗಿಸಬೇಕು. ನೋವಾಗುತ್ತದೆ, ಬೊಬ್ಬೆ ಹಾಕ್ತಾರೆ, ಬಿಡಬಾರದು. ಕಟ್ಟಿದ ಗಂಟೆಯನ್ನು ಅವರ ಕೈಮೇಲೆ ಬರೆಯಿರಿ. ಎರಡು ಗಂಟೆಯವರೆಗೆ ಸಾಮಾನ್ಯವಾಗಿ ಕಾಲಿಗೆ ಶಾಶ್ವತ ತೊಂದರೆ ಇಲ್ಲ. ಬೆಳ್ತಂಗಡಿಯಿಂದ ಮಂಗಳೂರಿಗೆ ಅಷ್ಟು ಹೊತ್ತು ಸಾಕು. ಬಿಚ್ಚುವುದು ಡಾಕ್ಟರ ಕೆಲಸ.

ಇಲ್ಲಿ ಒಂದು ವಿಷಯವನ್ನು ದಪ್ಪ ಅಕ್ಷರದಲ್ಲಿ ಅಂದ್ಕೊಂಡು ಓದಿ. ಹಾವು ಕಚ್ಚಿದಾಗ ಈ ಪಟ್ಟಿ ಕಟ್ಟುವ ಹಾಗಿಲ್ಲ. ಅಡಿಕೆ ತೋಟದಲ್ಲಿ, ಹುಲ್ಲು ಕೊಯ್ಯುವಾಗ ಹಾವು ಕಚ್ಚಿದರೆ ನಮ್ಮವರು ಮೊದಲು ಮಾಡುವುದು ಬಿಗಿಯಾಗಿ ಹಗ್ಗ ಕಟ್ಟುವುದು. ಕನ್ನಡಿ ಹಾವಿನ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಕಟ್ಟಿದರೆ ಅದು ಅಲ್ಲೇ ನಿಂತು ಕಾಲನ್ನೇ ತಿನ್ನುತ್ತದೆ, ಬಿಚ್ಚಿದ ಕೂಡಲೇ ಉಳಿದದ್ದು ಒಮ್ಮೆಲೇ ಮೈಗೇರುತ್ತದೆ. ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಚೀಪಬೇಡಿ. ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ನಡೆಸದೆ, ವಿಷಕ್ಕೆ ಪ್ರತಿಯಾದ ಇಂಜೆಕ್ಷನ್ ಇರುವ ತಾಲೂಕು ಆಸ್ಪತ್ರೆಗೆ ಹೋಗಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು. ಅಷ್ಟು ಜೀವ ಹೋಗುತ್ತಿದೆ.

ಆ ಸಂಜೆ ನಾವು ಮಾಡಿದ ಉಳಿದ ತಪ್ಪುಗಳು? ನೀರು ಕುಡಿಸಿದ್ದು: ಪ್ರಜ್ಞೆ ಮಸುಕಾಗುತ್ತಿರುವವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಹೋಗಬಹುದು, ಆಪರೇಷನ್‌ಗೆ ಅರಿವಳಿಕೆ ಕೊಡುವಾಗಲೂ ತೊಂದರೆ. ಹೆಲ್ಮೆಟ್ ಎಳೆದದ್ದು: ಉಸಿರಾಟಕ್ಕೆ ಅಡ್ಡ ಇಲ್ಲದಿದ್ದರೆ ಬಿಟ್ಟುಬಿಡಿ, ಕತ್ತಿನ ಮೂಳೆ ಮುರಿದಿದ್ದರೆ ಆ ಒಂದು ಎಳೆತ ಸಾಕು. ಎಲ್ಲಕ್ಕಿಂತ ಕೆಟ್ಟದ್ದು ಸೀಟಿನಲ್ಲಿ ಮಡಚಿ ಹಾಕಿದ್ದು. ಎಚ್ಚರ ತಪ್ಪಿದವರ ಗಲ್ಲ ಎದೆಗೆ ತಾಗಿದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತದೆ. ಕತ್ತು ತಿರುಚದೆ, ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಒಂದು ಮಗ್ಗುಲಿಗೆ ಮಲಗಿಸಿದರೆ ರಕ್ತ, ವಾಂತಿ ಹೊರಗೆ ಹರಿದುಹೋಗುತ್ತದೆ. ಆಟೋದಲ್ಲಿ ಕೂರಿಸಿ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ತೀರಿಕೊಂಡರು ಅಂತ ನಾವು ಕೇಳುವ ಕಥೆಗಳಲ್ಲಿ ಎಷ್ಟು ಇದರಿಂದಲೇ ಆಗಿರಬಹುದು ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ತಳಮಳ ಆಗ್ತದೆ.

ಇನ್ನು ಮಳೆ. ನನಗೆ ಇದು ಹೊಸ ವಿಷಯ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟುವುದೂ ಒಂದು ರಾಸಾಯನಿಕ ಕ್ರಿಯೆ, ಅದಕ್ಕೆ ಮೈಯ ಬಿಸಿ ಬೇಕು. ರಕ್ತ ಕಡಿಮೆಯಾದರೆ ಮೈ ತಣ್ಣಗಾಗುತ್ತದೆ, ತಣ್ಣಗಾದರೆ ರಕ್ತ ಇನ್ನಷ್ಟು ಹೋಗುತ್ತದೆ, ಆಮ್ಲಜನಕ ಸಿಗದ ಮಾಂಸಖಂಡಗಳಲ್ಲಿ ಆಮ್ಲ ತುಂಬಿ ಹೆಪ್ಪುಗಟ್ಟುವುದು ಮತ್ತಷ್ಟು ಕೆಡುತ್ತದೆ. ಒಂದು ಇನ್ನೊಂದನ್ನು ಎಳೆಯುವ ಸುಳಿ ಇದು. ನಮ್ಮೂರಿನಲ್ಲಿ ಚಳಿ ಎಲ್ಲಿ ಉಂಟು ಅನ್ನಬೇಡಿ. ಚಾರ್ಮಾಡಿಯ ತಿರುವಿನಲ್ಲಿ, ಜುಲೈ ಮಳೆಯಲ್ಲಿ, ಒದ್ದೆ ಡಾಂಬರಿನ ಮೇಲೆ ಅರ್ಧ ಗಂಟೆ ಬಿದ್ದವರ ಮೈ ಮುಟ್ಟಿ ನೋಡಿ. ಒಬ್ಬರು ಗಾಯ ಒತ್ತುತ್ತಿರುವಾಗ ಇನ್ನೊಬ್ಬರು ಮೇಲೊಂದು ರೈನ್‌ಕೋಟೋ ಟಾರ್ಪಾಲೋ ಹೊದೆಸಿದರೆ, ಆಗುವುದಾದರೆ ಕೆಳಗೂ ಒಂದು ಹಾಸಿದರೆ, ಅದೂ ಚಿಕಿತ್ಸೆಯೇ.

ಮೈಯ ಬಿಸಿಯ ಮಾತು ಬಂದಾಗ ಕನ್ನಡಿಗರಿಗೆ ನೆನಪಾಗಲೇಬೇಕಾದ ಒಬ್ಬರಿದ್ದಾರೆ. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಎಲ್ಲರೂ ಹೋದರು ಅಂತ ದೇಶವೇ ಅಂದುಕೊಂಡಿತ್ತು. ಫೆಬ್ರವರಿ 8ರಂದು, 25 ಅಡಿಗೂ ಹೆಚ್ಚು ಹಿಮದ ಕೆಳಗೆ, ಇವರು ಜೀವಂತ ಸಿಕ್ಕರು. ನಮಗೆಲ್ಲ ಆ ಸುದ್ದಿ ಒಂದು ಪವಾಡವಾಗಿ ನೆನಪಿದೆ. ಸೈನ್ಯದ ವೈದ್ಯರು ಆಗ ಏನು ಮಾಡಿದರು ಅನ್ನುವುದು ನೆನಪಿಲ್ಲ.

ಅವರು ಸಿಕ್ಕ ಕೂಡಲೇ ಹೆಲಿಕಾಪ್ಟರಿಗೆ ಹಾಕಿ ಓಡಲಿಲ್ಲ. ಚಿಕಿತ್ಸೆ ಸಿಯಾಚಿನ್‌ನಲ್ಲೇ ಶುರುವಾಯಿತು: ಬೆಚ್ಚಗೆ ಮಾಡಿದ ಡ್ರಿಪ್, ಬೆಚ್ಚಗಿನ ತೇವದ ಆಮ್ಲಜನಕ, ಹೊರಗಿನಿಂದ ನಿಧಾನಕ್ಕೆ ಬಿಸಿ ಏರಿಸುವುದು. ನಿಧಾನಕ್ಕೆ ಯಾಕೆ ಅಂದ್ರೆ, ತಣ್ಣಗೆ ಮಲಗಿದ್ದ ಕೈಕಾಲುಗಳಿಗೆ ಒಮ್ಮೆಲೇ ರಕ್ತ ಹರಿದರೆ ಅಲ್ಲಿ ಕೂಡಿದ್ದ ಕೆಟ್ಟ ಅಂಶಗಳೆಲ್ಲ ಹೃದಯಕ್ಕೆ ಬಂದು ಹೃದಯವೇ ನಿಲ್ಲಬಹುದು. ಆಮೇಲೆ ಥೋಯಿಸ್‌ನಿಂದ ದೆಹಲಿಗೆ ವಾಯುಪಡೆಯ ವಿಮಾನ. ಅದರಲ್ಲಿ ವಾಯುಪಡೆಯ ತೀವ್ರನಿಗಾ ತಜ್ಞರೊಬ್ಬರು, ಸಿಯಾಚಿನ್ ಬೇಸ್ ಕ್ಯಾಂಪಿನ ವೈದ್ಯರೊಬ್ಬರು ಜೊತೆಗೇ ಕೂತಿದ್ದರು. ಅಂದ್ರೆ ಐಸಿಯುವೇ ರೋಗಿಯ ಜೊತೆ ಹಾರಿತು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೋಮಾದಲ್ಲಿದ್ದರು, ಬಿಪಿ ಬಿದ್ದಿತ್ತು, ನ್ಯುಮೋನಿಯಾ ಆಗಿತ್ತು, ಲಿವರ್, ಕಿಡ್ನಿ ಕೆಲಸ ಬಿಟ್ಟಿದ್ದವು. ಫೆಬ್ರವರಿ 11ರ ಬೆಳಗ್ಗೆ ತೀರಿಕೊಂಡರು. 33 ವರ್ಷ.

ಉಳಿಯಲಿಲ್ಲವಲ್ಲ, ಮತ್ತೆ ಇದನ್ನು ಯಾಕೆ ಹೇಳ್ತೀರಿ ಅಂತ ಕೇಳಬಹುದು. ಹೇಳುವುದು ಆ ಪ್ರಯಾಣಕ್ಕಾಗಿ. ತಾಲೂಕು ಆಸ್ಪತ್ರೆಯಿಂದ ಮಂಗಳೂರಿಗೆ 'ರೆಫರ್' ಮಾಡಿದರು ಅಂದಾಗ ನಾವು ಕೇಳುವ ಮೊದಲ ಪ್ರಶ್ನೆ, ಎಷ್ಟು ಹೊತ್ತಿಗೆ ಮುಟ್ಟುತ್ತೇವೆ? ಕೇಳಬೇಕಾದ್ದು, ಗಾಡಿಯಲ್ಲಿ ಜೊತೆಗೆ ಯಾರು ಬರ್ತಾರೆ, ಒಳಗೆ ಏನೇನಿದೆ? ಆಂಬ್ಯುಲೆನ್ಸ್ ಅಂತ ಬರೆದಿರುವ ಗಾಡಿಗಳೆಲ್ಲ ಒಂದೇ ಅಲ್ಲ. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಆರೋಗ್ಯ ಕವಚ ಹೆಸರಿನಲ್ಲಿ ಶುರುವಾದ 108ರಲ್ಲೇ ಎರಡು ಬಗೆ ಇದೆ. ಬೇಸಿಕ್ ಗಾಡಿಯಲ್ಲಿ ಆಮ್ಲಜನಕ, ಸ್ಟ್ರೆಚರ್, ತರಬೇತಿ ಪಡೆದ ತಂತ್ರಜ್ಞರು. ಅಡ್ವಾನ್ಸ್ಡ್ ಗಾಡಿಯಲ್ಲಿ ಇದರ ಜೊತೆ ವೆಂಟಿಲೇಟರ್, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್. ಖಾಸಗಿಯವರದ್ದರಲ್ಲಿ ಕೆಲವು ಬರೀ ಸೈರನ್ ಇರುವ ವ್ಯಾನ್. ವೆಂಟಿಲೇಟರ್ ಬೇಕಾದ ರೋಗಿಯನ್ನು ಅಂಥ ವ್ಯಾನಿನಲ್ಲಿ ಝೀರೋ ಟ್ರಾಫಿಕ್ ಮಾಡಿ ಕಳಿಸಿದರೆ, ನಾವು ಅವರನ್ನು ಚಿಕಿತ್ಸೆ ಇರುವ ಜಾಗದಿಂದ ಚಿಕಿತ್ಸೆಯೇ ಇಲ್ಲದ ಜಾಗಕ್ಕೆ ವೇಗವಾಗಿ ಸಾಗಿಸುತ್ತಿದ್ದೇವೆ, ಅಷ್ಟೇ. ತಾಲೂಕಿನ ಡಾಕ್ಟರು ಹೊರಡಿಸುವ ಮೊದಲು ಹದಿನೈದು ನಿಮಿಷ ತಗೊಂಡು ಉಸಿರಿನ ಕೊಳವೆ ಹಾಕಿದರೆ, ಮಂಗಳೂರಿಗೆ ಫೋನ್ ಮಾಡಿ ರಕ್ತ ರೆಡಿ ಇಡಲಿಕ್ಕೆ ಹೇಳಿದರೆ, ಬಾಗಿಲಲ್ಲಿ ನಿಂತು ಗಲಾಟೆ ಮಾಡ್ಬೇಡಿ. ಆ ಹದಿನೈದು ನಿಮಿಷ ದಂಡ ಅಲ್ಲ.

ಗಲಾಟೆಯ ಇನ್ನೊಂದು ಕಾರಣ ಗ್ಲೂಕೋಸ್. 'ಒಂದು ಬಾಟ್ಲಿ ಡ್ರಿಪ್ ಕೂಡ ಹಾಕಲಿಲ್ಲ' ಅನ್ನುವುದು ನಮ್ಮಲ್ಲಿ ದೊಡ್ಡ ದೂರು. 1994ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಎದೆ ಹೊಟ್ಟೆಗೆ ಗುಂಡು, ಚಾಕು ತಾಗಿದ 598 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಆಪರೇಷನ್‌ವರೆಗೆ ಡ್ರಿಪ್ ತಡೆಹಿಡಿದವರಲ್ಲಿ ನೂರಕ್ಕೆ 70 ಮಂದಿ ಉಳಿದರು. ತಕ್ಷಣ ಕೊಟ್ಟವರಲ್ಲಿ 62. ಸಲೈನ್ ನೀರು ರಕ್ತವನ್ನು ತೆಳುಮಾಡುತ್ತದೆ, ಬಿಪಿ ಏರಿಸಿ ಅಲ್ಲಲ್ಲಿ ಕಟ್ಟಿದ್ದ ಹೆಪ್ಪನ್ನು ಕಿತ್ತುಹಾಕುತ್ತದೆ. ಸೈನ್ಯದ ವೈದ್ಯರು ಈಗ ಆದಷ್ಟು ಮುಂಚೂಣಿಯಲ್ಲೇ ರಕ್ತವನ್ನೇ ಕೊಡಲಿಕ್ಕೆ ನೋಡುತ್ತಾರೆ. ಅದರ ಜೊತೆಗೆ ಒಂದು ಅಗ್ಗದ ಇಂಜೆಕ್ಷನ್, ಟ್ರಾನೆಕ್ಸಾಮಿಕ್ ಆ್ಯಸಿಡ್. ಭಾರತದ ಆಸ್ಪತ್ರೆಗಳೂ ಸೇರಿ 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನದ ನಂತರ ಇದು ಜಗತ್ತಿನಾದ್ಯಂತ ಬಳಕೆಗೆ ಬಂತು. ಮೂರು ಗಂಟೆ ದಾಟಿದರೆ ಉಪಯೋಗ ಇಲ್ಲ. ಹಾಗಾಗಿ ಇದನ್ನು ಕೊಡುವುದಾದರೆ ಕೊಡಬೇಕಾದ್ದು ಹತ್ತಿರದ ಆಸ್ಪತ್ರೆಯಲ್ಲೇ.

ರಸ್ತೆ ಅಪಘಾತದ ಬಗ್ಗೆಯೇ ಹೇಳಿದೆ. ಆದ್ರೆ ಬಂಟ್ವಾಳದ ಯಾವುದೋ ಒಳಗಿನ ಗ್ರಾಮದಲ್ಲಿ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಕೂತ ಮಾವನಿಗೂ ಇದೇ ಮಾತು. ಗ್ಯಾಸ್ ಅಂದ್ಕೊಂಡು ಬೆಳಗ್ಗೆವರೆಗೆ ಕಾಯುವುದು ನಮ್ಮ ಕಡೆ ಮಾಮೂಲು. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಇದಕ್ಕೆ ಕಂಡುಕೊಂಡ ದಾರಿ ನನಗೆ ತುಂಬ ಹಿಡಿಸುತ್ತದೆ. ರೋಗಿ ಮಂಗಳೂರಿಗೆ ಬರುವುದನ್ನು ಕಾಯುವ ಬದಲು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಇಸಿಜಿಯನ್ನು ನೋಡಿ ತಜ್ಞರು ಕೂಡಲೇ ಉತ್ತರ ಹೇಳುವ 'ಮನೆ ಬಾಗಿಲಿಗೆ ಹೃದಯ ವೈದ್ಯರು' ಅನ್ನುವ ವ್ಯವಸ್ಥೆ. ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದ್ದು. ಜಿಲ್ಲೆ, ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೃದಯಾಘಾತ ಅಂತ ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅನ್ನುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ. ಚಿಕಿತ್ಸೆ ಮೊದಲು, ಪ್ರಯಾಣ ಆಮೇಲೆ. ಹೃದಯ ನಿಂತೇ ಹೋದರೆ ಮಾತ್ರ ಆಸ್ಪತ್ರೆವರೆಗೆ ಕಾಯುವ ಪ್ರಶ್ನೆ ಇಲ್ಲ: ಉಸಿರಿಲ್ಲ, ಕರೆದರೆ ಉತ್ತರ ಇಲ್ಲ ಅಂದ್ರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ. ಬಾಯಿಗೆ ಬಾಯಿ ಇಟ್ಟು ಊದಲಿಕ್ಕೆ ಗೊತ್ತಿಲ್ಲದವರು ಒತ್ತುವುದಷ್ಟನ್ನೇ ಮಾಡಿದರೂ ಆಗುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಕೈ ಹಾಕಿ ಏನಾದ್ರೂ ಆದ್ರೆ? ಪೊಲೀಸು, ಕೋರ್ಟು? ಹನುಮಂತಪ್ಪ ತೀರಿಕೊಂಡ ಐದು ದಿನಕ್ಕೆ, ಅದೇ 2016ರ ಫೆಬ್ರವರಿ 16ರಂದು, ತುಮಕೂರು ರಸ್ತೆಯ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾದ ಹರೀಶ್ ಅನ್ನುವ ಯುವಕ, ನನ್ನ ಅಂಗಾಂಗ ದಾನ ಮಾಡಿ ಅಂತ ಸುತ್ತ ನಿಂತವರಲ್ಲಿ ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಅದರ ಮರುತಿಂಗಳು, ಅಪಘಾತದ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಚಿಕಿತ್ಸೆ ಕೊಡುವ ಸಾಂತ್ವನ ಹರೀಶ್ ಯೋಜನೆ ಕರ್ನಾಟಕದಲ್ಲಿ ಬಂತು. ಅದೇ ವರ್ಷ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿತು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ, ಗಾಯಾಳು ಸತ್ತರೂ, ಕೇಸ್ ಹಾಕುವ ಹಾಗಿಲ್ಲ. ಹೆಸರು, ಫೋನ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ದುಡ್ಡು ಕಟ್ಟಿ ಅಂತ ನಿಮ್ಮನ್ನು ಕೇಳುವ ಹಾಗಿಲ್ಲ. 2025ರಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಕೌಂಟರಿನಲ್ಲಿ ಗೊತ್ತಿಲ್ಲ ಅಂದರೆ ಯೋಜನೆಯ ಹೆಸರು ಹೇಳಿ ಕೇಳಿ.

108ಕ್ಕೆ ಫೋನ್ ಮಾಡುವುದೂ ಒಂದು ವಿದ್ಯೆ. ಎತ್ತುವವರು ನಿಮ್ಮೂರಿನವರಲ್ಲ, ಅವರಿಗೆ 'ಆ ಬಂಕ್' ಗೊತ್ತಿಲ್ಲ. ಮೊದಲು ತಾಲೂಕು, ಆಮೇಲೆ ಗ್ರಾಮ, ಆಮೇಲೆ ರಸ್ತೆ ಎಲ್ಲಿಂದ ಎಲ್ಲಿಗೆ ಹೋಗುವುದು, ಹತ್ತಿರದ ಶಾಲೆ, ದೇವಸ್ಥಾನ, ಮಸೀದಿ, ಚರ್ಚು. ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ. ಎಷ್ಟು ಜನ, ಎಚ್ಚರ ಇದೆಯಾ, ರಕ್ತ ಹೋಗ್ತಾ ಇದೆಯಾ. ಫೋನ್ ನೀವೇ ಕಟ್ ಮಾಡ್ಬೇಡಿ, ಸ್ಪೀಕರಿಗೆ ಹಾಕಿ ಕೈ ಗಾಯದ ಮೇಲೆ ಇಡಿ. ಘಾಟಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ 112 ಒತ್ತಿ ನೋಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹಿಡಿದು ಕರೆ ಹೋಗುವ ಸಾಧ್ಯತೆ ಇದೆ. ಬೆಳ್ತಂಗಡಿ ಕಡೆಯವರಾದರೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ಶೌರ್ಯ' ವಿಪತ್ತು ನಿರ್ವಹಣಾ ತಂಡದವರು ನಿಮ್ಮ ಗ್ರಾಮದಲ್ಲಿ ಯಾರಿದ್ದಾರೆ ಅಂತ ಈಗಲೇ ಕೇಳಿ ನಂಬರ್ ಸೇವ್ ಮಾಡಿಟ್ಟುಕೊಳ್ಳಿ.

ನನ್ನ ಸ್ಕೂಟರಿನ ಸೀಟಿನ ಕೆಳಗೆ ಈಗ ಒಂದು ಪ್ಲಾಸ್ಟಿಕ್ ಚೀಲ ಉಂಟು. ಎರಡು ಒಗೆದ ಬೈರಾಸು, ಎರಡು ಜೊತೆ ಗ್ಲೌಸ್, ಬಟ್ಟೆ ಕತ್ತರಿಸುವ ಕತ್ತರಿ, ಒಂದು ಮಾರ್ಕರ್ ಪೆನ್, ಮಡಚಿದ ಟಾರ್ಪಾಲ್ ತುಂಡು, ಒಂದು ಟೂರ್ನಿಕೆಟ್. ಟೂರ್ನಿಕೆಟ್ ಆನ್‌ಲೈನಿನಲ್ಲಿ ತೆಗೆದುಕೊಳ್ಳುವಾಗ ನೋಡಿಕೊಳ್ಳಿ, ಅಗ್ಗದ ನಕಲಿಗಳಲ್ಲಿ ತಿರುಗಿಸುವ ಕೋಲು ಬಾಗುತ್ತದೆ, ಕೆಲವು ಮುರಿದೇಹೋಗುತ್ತದೆ. ನಾನು ಮೊದಲು ತರಿಸಿದ್ದು ಹಾಗೆಯೇ ಆಯಿತು, ತಮ್ಮನ ತೊಡೆಗೆ ಕಟ್ಟಿ ಅಭ್ಯಾಸ ಮಾಡುವಾಗ ಮೂರನೇ ಸುತ್ತಿಗೆ ಟಕ್ ಅಂತು. ಎರಡನೆಯದ್ದು ಗಟ್ಟಿ ಇದೆ. ಈಗ ಕತ್ತಲಲ್ಲೂ ಮೂವತ್ತು ಸೆಕೆಂಡಿನೊಳಗೆ ಕಟ್ಟುತ್ತೇನೆ. ತಮ್ಮ ಮಾತ್ರ ಇನ್ನು ಕಾಲು ಕೊಡುವುದಿಲ್ಲ ಅಂತ ಹೇಳಿಬಿಟ್ಟಿದ್ದಾನೆ.